ಪುಟ ತೆಗೆದು ನೋಡಿದಿರಾ?

ಈ ಸಂಚಿಕೆಯ ಸಂಪಾದಕ ಮಿತ್ರರು ನನ್ನನ್ನು ಲೇಖನ ಕೇಳಿದಾಗ, ಕನ್ನಡ ಐಚ್ಛಿಕದ ವಿದ್ಯಾರ್ಥಿಯಾದ ನಾನು ರಗಳೆಗಳ ಮೇಲೋ ಜನಪದ ಗೀತೆಗಳ ಮೇಲೋ ಏನಾದರೊಂದು ಬರೆದುಕೊಟ್ಟೇನೆಂದು ನಂಬಿದ್ದರು. ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಲೇಖನಿ ಹಿಡಿದಾಗಲೆಲ್ಲ ಕಳೆದ ಸಂಕ್ರಾಂತಿಯ ರಾತ್ರಿ ಅಡ್ಡ ಬಂದು ನಿಲ್ಲುತ್ತಿತ್ತು. ಆ ರಾತ್ರಿ ನಾನು ಮಾಡಿದ ಘನಕಾರ್ಯವೇನೂ ಇಲ್ಲ. ಕಂಪ್ಯೂಟರಿನಲ್ಲಿ ಟರ್ಮಿನಲ್ ಎಂಬ ಕರಿಯ ಕಿಟಕಿಯೊಂದಿರುತ್ತದೆ. ಅದರಲ್ಲಿ ನಾಲ್ಕು ಮಾತಿನ ಒಂದು ಆಜ್ಞೆಯನ್ನು ಬರೆದು ಒಂದು ಪುಟವನ್ನು ತೆರೆಸಿ ನೋಡಿದೆ, ಅಷ್ಟೆ. ಎರಡು ದಿನ ಮೊದಲೇ ನೋಡಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ. ಸಂಪಾದಕರಿಗೆ ಅವರು ಬಯಸಿದ ರಗಳೆಯೇ ದೊರೆಯುತ್ತಿತ್ತು.

ನಮ್ಮ ವಿಭಾಗದ ವಿದ್ಯಾರ್ಥಿಗಳು ಮೂರು ವರ್ಷಗಳಿಂದ, ರಜೆಯಲ್ಲಿ ಊರಿಗೆ ಹೋದಾಗಲೆಲ್ಲ, ಬೇಸಾಯದ ಮಾತುಗಳನ್ನು ಕಲೆಹಾಕಿ ತರುತ್ತಿರುವುದು ಹಲವರಿಗೆ ಗೊತ್ತು. ನೇಗಿಲಿನ ಭಾಗಗಳು, ಕೊಳಗ ಬಳ್ಳಗಳಂಥ ಅಳತೆಗಳು, ದನದ ಕಾಯಿಲೆಗಳು, ಕಣದಲ್ಲಿ ಆಡುವ ಮಾತುಗಳು. ನಮ್ಮ ಅಜ್ಜಿಯೊಬ್ಬಳೇ ತೊಂಬತ್ತು ಪದ ಕೊಟ್ಟಳು. ಕೊಡುವಾಗ, “ಇವನ್ನೆಲ್ಲ ಬರಕೊಂಡು ಏನ್ ಮಾಡೀಯೋ? ಉಳೋಕೆ ಬತ್ತದಾ ನಿಂಗೆ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂತೂ ಚೀಟಿಗಳು 1,200 ದಾಟಿದವು. ನಮ್ಮ ಅಧ್ಯಾಪಕರು ಒಂದು ದಿನ ಚೀಟಿಗಳ ಡಬ್ಬಿಯನ್ನು ಮೇಜಿನ ಮೇಲಿಟ್ಟು, “ಇವನ್ನು ಅಕಾರಾದಿಯಾಗಿ ಜೋಡಿಸಿ ಒಂದು ಪುಟ್ಟ ಪದಕೋಶ ಮಾಡಬೇಕು. ಸಂಕ್ರಾಂತಿಗೆ ಮುಂಚೆ ಪ್ರತಿ ನನ್ನ ಕೈ ಸೇರಲಿ,” ಎಂದರು. ಆ ಕೆಲಸ ನನ್ನ ಮೇಲೂ, ಎರಡನೆಯ ವರ್ಷದ ಬಿ.ಎ. ತರಗತಿಯ ಒಬ್ಬ ಹುಡುಗನ ಮೇಲೂ ಬಿತ್ತು. ಅವನು ಅರ್ಥಶಾಸ್ತ್ರದ ವಿದ್ಯಾರ್ಥಿ. ಪ್ರೋಗ್ರಾಂ ಬರೆಯುವುದನ್ನು ಯಾರ ಹತ್ತಿರವೂ ಹೋಗದೆ ತಾನಾಗಿ ಕಲಿತವನು. ಸ್ವಂತ ಲ್ಯಾಪ್‌ಟಾಪ್ ಇಲ್ಲ. ಕಾಲೇಜಿನ ಪ್ರಯೋಗಶಾಲೆಯ ಯಂತ್ರದಲ್ಲೇ ಅವನ ಕೆಲಸವೆಲ್ಲ. ನನಗಿಂತ ಎರಡು ವರ್ಷ ಚಿಕ್ಕವನಾದ್ದರಿಂದ ನನ್ನನ್ನು ಅಣ್ಣ ಎನ್ನುತ್ತಾನೆ. ಈ ಸಂಗತಿ ಮುಂದಿನ ಕಥೆಗೆ ಬೇಕು.

ಅಕಾರಾದಿಯಾಗಿ ಜೋಡಿಸುವುದು ಯಂತ್ರಕ್ಕೆ ಎಡಗೈ ಕೆಲಸವೆಂದು ನಾನು ತಿಳಿದಿದ್ದೆ. ಹಾಗಲ್ಲವೆಂದು ಮೊದಲ ದಿನವೇ ತಿಳಿಯಿತು. ಯೂನಿಕೋಡ್ ಎಂಬ ಲಿಪಿಸಂಕೇತದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ಏನನ್ನೂ ಹೇಳಿಕೊಡದಿದ್ದರೆ ಯಂತ್ರ ಆ ಸಂಖ್ಯೆಗಳ ಪ್ರಕಾರವೇ ಪದಗಳನ್ನು ಸಾಲು ನಿಲ್ಲಿಸುತ್ತದೆ. ಕನ್ನಡದ ಲಕಾರಕ್ಕೆ 3250, ವಕಾರಕ್ಕೆ 3253, ಹಕಾರಕ್ಕೆ 3257. ಇಲ್ಲಿಯವರೆಗೆ ಸರಿ. ಆದರೆ ಳಕಾರಕ್ಕೆ 3251! ನಾವೆಲ್ಲ ಶಾಲೆಯಲ್ಲಿ ‘ಯ ರ ಲ ವ ಶ ಷ ಸ ಹ ಳ’ ಎಂದು ಹಾಡಿ ಕಲಿತದ್ದು, ಪದಕೋಶಗಳಲ್ಲಿ ಹುಡುಕುವುದು, ಳಕಾರವನ್ನು ಕಟ್ಟಕಡೆಯಲ್ಲಿ. ಯಂತ್ರವಾದರೋ ಅದನ್ನು ಲಕಾರದ ಮಗ್ಗುಲಿಗೇ ಕೂರಿಸಿದೆ. ಇದು ಯಾರ ಅಲಕ್ಷ್ಯವೂ ಅಲ್ಲ. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚಿನ ಪಟ್ಟಿಯಿರಲೆಂದು ನಮ್ಮ ದೇಶದಲ್ಲೇ ಮಾಡಿದ ಇಸ್ಕಿ ಎಂಬ ಸಂಕೇತವಿತ್ತು. ಅದರ 1988ರ ರೂಪವನ್ನು ಅನುಸರಿಸಿ ಯೂನಿಕೋಡಿನವರು 1991ರಲ್ಲಿ ನಮ್ಮ ಲಿಪಿಗಳನ್ನು ಸೇರಿಸಿಕೊಂಡರು. ದೇವನಾಗರಿಯ ಅಕ್ಷರ ಎಲ್ಲಿದೆಯೋ ಅದಕ್ಕೆ ಎದುರಾಗಿ ಕನ್ನಡದ್ದೂ ಕುಳಿತಿತು. 3252ನೆಯ ಸ್ಥಾನವಂತೂ ಕನ್ನಡದಲ್ಲಿ ಖಾಲಿಯೇ ಇದೆ, ಪಂಕ್ತಿಯಲ್ಲಿ ಬಾರದ ನೆಂಟನಿಗೆ ಹಾಕಿಟ್ಟ ಎಲೆಯ ಹಾಗೆ. ಅಲ್ಲಿ ಕೂರಬಹುದಾಗಿದ್ದ ನಮ್ಮ ಹಳಗನ್ನಡದ ೞಕಾರ 3294ರಲ್ಲಿ ಬೇರೆ ಬಿಡಾರ ಮಾಡಿಕೊಂಡಿದೆ.

ಆದ್ದರಿಂದ ಯಂತ್ರಕ್ಕೆ ನಮ್ಮ ವರ್ಣಮಾಲೆಯ ಕ್ರಮವನ್ನು ಹೇಳಿಕೊಡುವ ಒಂದು ಪಟ್ಟಿ ಬೇಕಾಯಿತು. ನಾನು ಬರೆದೆ. ಪಟ್ಟಿ ಸರಿಯಾಗಿದೆಯೇ ಎಂದು ಪರೀಕ್ಷಿಸುವ ಒಂದು ಪುಟ್ಟ ಪ್ರೋಗ್ರಾಂ ಅನ್ನು ಹುಡುಗ ಬರೆದ. ಕಲಗಚ್ಚು, ಕವಣೆ, ಕಸಿ, ಕಳೆ ಎಂಬ ನಾಲ್ಕು ಪದಗಳನ್ನು ಕಲಸಿಕೊಟ್ಟರೆ ಇದೇ ಕ್ರಮದಲ್ಲಿ ಹೊರಬರಬೇಕು. ಕಳೆ ಎಂಬುದು ಕವಣೆಗಿಂತ ಮೊದಲು ಬಂದರೆ ತಪ್ಪು. “ಇಷ್ಟು ಸಣ್ಣದಕ್ಕೂ ಪರೀಕ್ಷೆ ಬೇಕೇನಯ್ಯಾ?” ಎಂದು ನಾನು ನಕ್ಕದ್ದು ಚೆನ್ನಾಗಿ ನೆನಪಿದೆ.

ಇಬ್ಬರು ಎರಡು ಯಂತ್ರಗಳಲ್ಲಿ ಕೆಲಸ ಮಾಡುವಾಗ ಬರೆದದ್ದನ್ನು ಒಂದೆಡೆ ಇಡಬೇಕಷ್ಟೆ. ಅದಕ್ಕೆ ಗಿಟ್ ಎಂಬ ಸಾಧನವಿದೆ. ಲಿನಕ್ಸ್ ಕರ್ತೃವಾದ ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ತಮ್ಮ ಕೆಲಸದ ಅನುಕೂಲಕ್ಕೆಂದು ಮಾಡಿಕೊಂಡದ್ದು ಈಗ ಲೋಕಕ್ಕೆಲ್ಲ ಬೇಕಾಗಿದೆ. ಯಾರು, ಯಾವಾಗ, ಯಾವ ಸಾಲನ್ನು ತಿದ್ದಿದರೆಂಬುದನ್ನು ಅದು ಶಾನುಭೋಗರ ಲೆಕ್ಕದಂತೆ ಬರೆದಿಡುತ್ತದೆ. ನಮ್ಮ ಪದಕೋಶದ ಭಂಡಾರ, ಎಂದರೆ ರೆಪೊ, ಗಿಟ್‌ಹಬ್ ಎಂಬ ತಾಣದಲ್ಲಿದೆ. ನಾವು ಏನನ್ನಾದರೂ ಅಲ್ಲಿಗೆ ಕಳಿಸಿದೊಡನೆ, ಎಲ್ಲಿಯೋ ಇರುವ ಒಂದು ಹೊಸ ಯಂತ್ರ ನಮ್ಮ ಭಂಡಾರದಲ್ಲಿರುವುದನ್ನೆಲ್ಲ ಮೊದಲಿಂದ ತೆಗೆದುಕೊಂಡು, ಪ್ರೋಗ್ರಾಂ ನಡೆಸಿ, ಪರೀಕ್ಷೆಗಳನ್ನು ಮಾಡಿ, ಫಲಿತಾಂಶವನ್ನು ಒಂದು ಪುಟದಲ್ಲಿ ಪ್ರಕಟಿಸುತ್ತದೆ. ಗೆದ್ದರೆ ಹಸುರು ಗುರುತು, ಸೋತರೆ ಕೆಂಪು, ನಡೆಯುತ್ತಿದ್ದರೆ ಹಳದಿ. ಇದನ್ನು ಬಿಲ್ಡ್ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಆ ಯಂತ್ರವನ್ನೇ ಅಳಿಸಿಬಿಡುತ್ತಾರೆ. ಮುಂದಿನ ಸಲ ಇನ್ನೊಂದು. ಅದಕ್ಕೆ ನಮ್ಮ ಮನೆಯ ಗುಟ್ಟು ಯಾವುದೂ ಗೊತ್ತಿರುವುದಿಲ್ಲ. ಭಂಡಾರದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ಪುಟವನ್ನು ನೋಡಲು ಸಾಮಾನ್ಯ ದಾರಿಯೆಂದರೆ ಬ್ರೌಸರನ್ನು ತೆರೆದು, ತಾಣಕ್ಕೆ ಹೋಗಿ, ನಮ್ಮ ಭಂಡಾರವನ್ನು ಹುಡುಕಿ, ಅದರಲ್ಲಿ ಆಕ್ಷನ್ಸ್ ಎಂಬಲ್ಲಿ ಒತ್ತಿ, ಪಟ್ಟಿಯಲ್ಲಿ ಬೇಕಾದ ಸಾಲನ್ನು ಆರಿಸುವುದು. ನಮ್ಮ ಕಾಲೇಜಿನ ಇಂಟರ್‌ನೆಟ್ ವೇಗವನ್ನು ಬಲ್ಲವರಿಗೆ ಅಷ್ಟು ಹೊತ್ತಿಗೆ ಒಂದು ಪೀರಿಯಡ್ ಮುಗಿದಿರುತ್ತದೆಂದು ಬೇರೆ ಹೇಳಬೇಕಿಲ್ಲ. ಆದ್ದರಿಂದ ಬಲ್ಲವರು ಟರ್ಮಿನಲ್‌ನಿಂದಲೇ ಆ ಪುಟವನ್ನು ತೆರೆಸುತ್ತಾರೆ. ಹಿಂದೆ ಟ್ರಾವಿಸ್ ಎಂಬ ಬಿಲ್ಡ್ ತಾಣವನ್ನು ನೆಚ್ಚಿದ್ದವರಿಗೆ ‘ಟ್ರಾವಿಸ್ ಓಪನ್’ ಎಂಬ ಎರಡು ಮಾತು ಸಾಕಾಗಿತ್ತು. ಮುಕ್ತ ಭಂಡಾರಗಳಿಗೆಂದಿದ್ದ ಅದರ ಹಳೆಯ ತಾಣ 2021ರಲ್ಲಿ ನಿಂತುಹೋಯಿತು. ಈಗ ಗಿಟ್‌ಹಬ್‌ನವರದೇ ‘ಜಿಎಚ್’ ಎಂಬ ಉಪಕರಣವಿದೆ. ಒಮ್ಮೆ ನಮ್ಮ ಗುರುತು ಹೇಳಿ ಒಳಹೊಕ್ಕರಾಯಿತು, ಆಮೇಲೆ ‘ಜಿಎಚ್ ರನ್ ವ್ಯೂ --ವೆಬ್’ ಎಂದು ಬರೆದರೆ, ಈಚಿನ ಬಿಲ್ಡ್‌ಗಳ ಪಟ್ಟಿಯನ್ನು ಮುಂದಿಟ್ಟು “ಯಾವುದು?” ಎನ್ನುತ್ತದೆ. ಆರಿಸಿದ ಕೂಡಲೆ ಬ್ರೌಸರಿನಲ್ಲಿ ನೇರವಾಗಿ ಆ ಪುಟವೇ ತೆರೆದುಕೊಳ್ಳುತ್ತದೆ.

ನನಗೆ ಮೊದಲಲ್ಲಿ ಸೋಜಿಗವೆನಿಸಿದ್ದು ಇದು: ನಾನು ಭಂಡಾರದ ಹೆಸರನ್ನಾಗಲಿ ವಿಳಾಸವನ್ನಾಗಲಿ ಹೇಳಲೇ ಇಲ್ಲ, ಅದಕ್ಕೆ ಹೇಗೆ ತಿಳಿಯಿತು? ಉತ್ತರ ಸರಳ. ಆಜ್ಞೆಯನ್ನು ಬರೆಯುವಾಗ ನಾನು ಯಾವ ಕಡತಕೋಶದೊಳಗೆ ನಿಂತಿದ್ದೇನೆಂಬುದನ್ನು ಅದು ನೋಡುತ್ತದೆ. ಗಿಟ್ ಬಳಸುವ ಪ್ರತಿಯೊಂದು ಕೋಶದಲ್ಲೂ ಕಣ್ಣಿಗೆ ಬೀಳದ ಇನ್ನೊಂದು ಕೋಶವಿದ್ದು, ಅದರಲ್ಲಿ ‘ಒರಿಜಿನ್’ ಎಂಬ ಹೆಸರಿನಲ್ಲಿ ಭಂಡಾರದ ದೂರದ ವಿಳಾಸ ಬರೆದಿರುತ್ತದೆ. ಅದರಿಂದ ಪುಟದ ವಿಳಾಸವನ್ನು ಕಟ್ಟಿಕೊಂಡು, “ಇದನ್ನು ತೆರೆ” ಎಂದು ಬ್ರೌಸರಿನ ಕೈಗೆ ಕೊಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಟಪಾಲಿನವನು ಪತ್ರವನ್ನು ಓದುವುದಿಲ್ಲ, ಬಾಗಿಲಿಗೆ ತಂದುಕೊಡುತ್ತಾನೆ. ಓದುವವರು ನಾವು.

ಓದುವ ಕಷ್ಟವನ್ನೂ ತಪ್ಪಿಸಿಕೊಳ್ಳಲು ನಾನು ಒಂದು ಉಪಾಯ ಮಾಡಿಕೊಂಡಿದ್ದೆ. ಹಿಂದೆ ‘ಹಬ್’ ಎಂಬ ಉಪಕರಣದಲ್ಲಿ ಬಿಲ್ಡ್‌ನ ಸ್ಥಿತಿಯನ್ನು ಒಂದೇ ಮಾತಿನಲ್ಲಿ ಹೇಳುವ ಆಜ್ಞೆಯಿತ್ತು. ಮಾತಿನ ಜೊತೆಗೆ ಯಂತ್ರಕ್ಕೆ ಅರ್ಥವಾಗುವ ಒಂದು ಅಂಕಿಯನ್ನೂ ಅದು ಹಿಂತಿರುಗಿಸುತ್ತಿತ್ತು. ಗೆದ್ದರೆ 0, ಸೋತರೆ 1, ಇನ್ನೂ ನಡೆಯುತ್ತಿದ್ದರೆ 2. ಸೊನ್ನೆ ಬಂದರೆ ಗೆದ್ದ ಹಾಗೆ! ನಮ್ಮ ವಿಶ್ವವಿದ್ಯಾನಿಲಯ ಈ ಪದ್ಧತಿಯನ್ನು ಅಂಗೀಕರಿಸಿದರೆ ನನ್ನ ಸಹಪಾಠಿಗಳಲ್ಲಿ ಅನೇಕರು ಪದಕ ಪಡೆಯುತ್ತಾರೆ. ಅದೇ ಮಾದರಿಯಲ್ಲಿ ನಾನೂ ಒಂದು ಪುಟ್ಟ ಸ್ಕ್ರಿಪ್ಟ್ ಹೊಸೆದೆ. ಕೊನೆಯ ಬಿಲ್ಡ್ ಏನಾಯಿತೆಂದು ಕೇಳಿದರೆ ‘ಗೆದ್ದಿತು’ ಅಥವಾ ‘ಸೋತಿತು’ ಎಂದಷ್ಟೇ ಹೇಳುತ್ತಿತ್ತು, ಅದೂ ಕನ್ನಡದಲ್ಲಿ. ಅದರ ಮಿತಭಾಷೆಯ ಬಗ್ಗೆ ನನಗೆ ಹೆಮ್ಮೆಯಿತ್ತು.

ಸಂಕ್ರಾಂತಿಯ ರಜೆಗೆ ಕಾಲೇಜು ಮುಚ್ಚುವ ದಿನ. ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ನಾನು ವರ್ಣಮಾಲೆಯ ಪಟ್ಟಿಯನ್ನು ಪ್ರೋಗ್ರಾಮಿನಿಂದ ಬಿಡಿಸಿ ಬೇರೆ ಕಡತದಲ್ಲಿಟ್ಟು, ನನ್ನ ಯಂತ್ರದಲ್ಲಿ ಪರೀಕ್ಷೆ ನಡೆಸಿ, ಎಲ್ಲವೂ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡು, ಕಳಿಸಿ ಮಲಗಿದ್ದೆ. ಬೆಳಗ್ಗೆ ಹುಡುಗ ಉಳಿದ 18 ಪದಗಳನ್ನು ಸೇರಿಸಿ ಕಳಿಸಿದ. ಮಧ್ಯಾಹ್ನ ವಿಭಾಗದ ಕೋಣೆಯಲ್ಲಿ ಐದಾರು ಮಂದಿ ಕೂತಿದ್ದಾಗ ನಾನು ಗತ್ತಿನಿಂದ ನನ್ನ ಸ್ಕ್ರಿಪ್ಟನ್ನು ಓಡಿಸಿದೆ. ಅದು ‘ಸೋತಿತು’ ಎಂದಿತು.

ಕೊನೆಗೆ ಕಳಿಸಿದವನು ಯಾರು? ಹುಡುಗ. ಮತ್ತೇನು ಬೇಕು! ನಾನು ಕುರ್ಚಿಯಿಂದಲೇ ಶುರು ಮಾಡಿದೆ.

“ಏನಯ್ಯಾ ಇದು? ಇವತ್ತು ಮೇಷ್ಟರಿಗೆ ಕೊಡಬೇಕು ಅಂತ ಗೊತ್ತಿದ್ದೂ ಕೈಯಾಡಿಸಿದೀಯಲ್ಲ!”

“ನಾನು ಪದ ಸೇರಿಸಿದೆ ಅಷ್ಟೆ ಅಣ್ಣ,” ಎಂದ ಅವನು. ಆಮೇಲೆ ಸ್ವಲ್ಪ ತಡೆದು, “ಪುಟ ತೆಗೆದು ನೋಡಿದಿರಾ?” ಎಂದ.

“ನೋಡೋಕೇನಿದೆ ಅದರಲ್ಲಿ? ಸೋತಿದೆ ಅಂತ ಹೇಳ್ತಾ ಇದೆಯಲ್ಲ! ಅಷ್ಟೂ ತಿಳಿಯದೆ ಯಾಕಪ್ಪ ಈ ಕೆಲಸಕ್ಕೆ ಕೈ ಹಾಕಬೇಕು?”

ಇನ್ನೂ ಕೆಲವು ಮಾತು ಆಡಿದೆ. ಅವನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಕೂತಿದ್ದವರಲ್ಲಿ ಇಬ್ಬರು ನಕ್ಕರು. ಹುಡುಗ ಒಮ್ಮೆ ನನ್ನ ಮುಖ ನೋಡಿದ, ಏನೋ ಹೇಳಹೊರಟವನಂತೆ ಬಾಯಿ ತೆರೆದ, ಮುಚ್ಚಿದ, ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ. ನಾನು ಅಧ್ಯಾಪಕರ ಬಳಿಗೆ ಹೋಗಿ, “ಸಾರ್, ಹುಡುಗ ಏನೋ ಕೆಡಿಸಿಟ್ಟಿದ್ದಾನೆ, ರಜೆ ಮುಗಿದ ಮೇಲೆ ಕೊಡುತ್ತೇವೆ,” ಎಂದೆ. ‘ಕೊಡುತ್ತೇವೆ’ ಎಂಬುದರಲ್ಲಿ ನಾವಿಬ್ಬರೂ ಇದ್ದೆವು. ‘ಕೆಡಿಸಿಟ್ಟಿದ್ದಾನೆ’ ಎಂಬುದರಲ್ಲಿ ಅವನೊಬ್ಬನೇ. ವ್ಯಾಕರಣ ಓದಿದವನಿಗೆ ಇದು ಆಗಲೇ ಹೊಳೆಯಬೇಕಾಗಿತ್ತು.

ಹಬ್ಬದ ಸಂಜೆ ನಮ್ಮೂರಿನಲ್ಲಿ ದನಗಳಿಗೆ ಕಿಚ್ಚು ಹಾಯಿಸಿದರು. ಎಳ್ಳುಬೆಲ್ಲ ಹಂಚಿ, ‘ಒಳ್ಳೆ ಮಾತಾಡು’ ಎಂದು ಎಲ್ಲರ ಹತ್ತಿರವೂ ಹೇಳಿಸಿಕೊಂಡು ಬಂದ ಮೇಲೆ ಮನಸ್ಸು ಯಾಕೋ ನೆಟ್ಟಗಿರಲಿಲ್ಲ. ಹುಡುಗ ಕೆಡಿಸಿದ್ದನ್ನು ನಾನಾದರೂ ಸರಿಪಡಿಸೋಣವೆಂದು (ವಾಚಕರು ನನ್ನ ಔದಾರ್ಯವನ್ನು ಗಮನಿಸಬೇಕು) ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು, ಫೋನಿನ ಇಂಟರ್‌ನೆಟ್ಟಿಗೆ ಜೋಡಿಸಿ, ಆ ನಾಲ್ಕು ಮಾತನ್ನು ಬರೆದೆ. ಪಟ್ಟಿಯಲ್ಲಿ ಮೇಲಿನ ಸಾಲನ್ನು ಆರಿಸಿದೆ.

ಪುಟ ತುಂಡು ತುಂಡಾಗಿ ಬಂತು. ಮೊದಲು ಬಿಳಿ, ಆಮೇಲೆ ಮೇಲ್ಗಡೆ ಕೆಂಪು ಗುರುತು, ಆಮೇಲೆ ಹುಡುಗನ ಹೆಸರು. ನೋಡು, ನಾನು ಹೇಳಲಿಲ್ಲವೆ ಎಂದುಕೊಂಡೆ. ಕೆಳಗೆ ಬಿಲ್ಡ್‌ನ ಹಂತಗಳು: ಭಂಡಾರವನ್ನು ತಂದುಕೊಂಡದ್ದಕ್ಕೆ ಸರಿ ಗುರುತು, ಬೇಕಾದ ಸಾಮಗ್ರಿ ಜೋಡಿಸಿಕೊಂಡದ್ದಕ್ಕೆ ಸರಿ, ಪರೀಕ್ಷೆಗೆ ಮಾತ್ರ ತಪ್ಪು. ಆ ಹಂತವನ್ನು ಒತ್ತಿದರೆ ಯಂತ್ರ ಬರೆದಿಟ್ಟ ದಿನಚರಿ ಬಿಚ್ಚಿಕೊಂಡಿತು. ಬರಬೇಕಾಗಿದ್ದದ್ದು: ಕಲಗಚ್ಚು, ಕವಣೆ, ಕಸಿ, ಕಳೆ. ಬಂದದ್ದು: ಕಲಗಚ್ಚು, ಕಳೆ, ಕವಣೆ, ಕಸಿ. ಹುಡುಗ ಸೇರಿಸಿದ 18 ಪದಗಳಿಗೂ ಇದಕ್ಕೂ ಏನು ಸಂಬಂಧ? ದಿನಚರಿಯಲ್ಲಿ ಒಂದು ಸಾಲು ಮೇಲಕ್ಕೆ ಹೋದೆ. ಪ್ರೋಗ್ರಾಂ ತಾನೇ ಹೇಳಿಕೊಂಡಿತ್ತು: ವರ್ಣಮಾಲೆಯ ಪಟ್ಟಿ ಸಿಗಲಿಲ್ಲ, ಸಂಕೇತದ ಸಂಖ್ಯೆಗಳ ಕ್ರಮವನ್ನೇ ಹಿಡಿಯುತ್ತಿದ್ದೇನೆ ಎಂದು. ಆ ಎಚ್ಚರಿಕೆಯ ಮಾತನ್ನು ಬರೆದವನೂ ನಾನೇ.

ಪುಟದಿಂದ ಹಿಂದಕ್ಕೆ, ಎಲ್ಲ ಬಿಲ್ಡ್‌ಗಳ ಪಟ್ಟಿಗೆ ಹೋದೆ. ಹುಡುಗನ ಕೆಂಪು ಗುರುತಿನ ಕೆಳಗೆ ಇನ್ನೊಂದು ಕೆಂಪು ಗುರುತಿತ್ತು: ಹಿಂದಿನ ರಾತ್ರಿ ಹನ್ನೊಂದು ಗಂಟೆಯದು, ಪಕ್ಕದಲ್ಲಿ ನನ್ನ ಹೆಸರು. ಅದರ ಕೆಳಗೆ ಹಸುರು, ಹಸುರು, ಹಸುರು.

ಟರ್ಮಿನಲ್‌ಗೆ ಮರಳಿ ‘ಗಿಟ್ ಸ್ಟೇಟಸ್’ ಎಂದು ಕೇಳಿದೆ. ಇಂಥದೊಂದು ಕಡತ ನಿನ್ನಲ್ಲಿದೆ, ಆದರೆ ಅದನ್ನು ನನ್ನ ಲೆಕ್ಕಕ್ಕೆ ಸೇರಿಸಿಲ್ಲ ಎಂದು ಅದು ತಣ್ಣಗೆ ಹೇಳಿತು. ಹೊಸದಾಗಿ ಮಾಡಿದ ಕಡತವನ್ನು ‘ಗಿಟ್ ಆಡ್’ ಎಂದು ಒಮ್ಮೆ ಹೇಳಿ ಸೇರಿಸಬೇಕು. ನಾನು ಹೇಳಿರಲಿಲ್ಲ. ಕಡತ ನನ್ನ ಯಂತ್ರದಲ್ಲಿದ್ದುದರಿಂದ ನನ್ನಲ್ಲಿ ಎಲ್ಲವೂ ಸರಿ. ಭಂಡಾರದಲ್ಲಿ ಇಲ್ಲದ್ದರಿಂದ ಆ ಹೊಸ ಯಂತ್ರಕ್ಕೆ ತಪ್ಪು. ಹುಡುಗ ಬರೆದ, ನಾನು ನಕ್ಕ, ಆ ನಾಲ್ಕು ಪದಗಳ ಪರೀಕ್ಷೆಯೊಂದು ಇಲ್ಲದಿದ್ದರೆ ಪದಕೋಶವಿಡೀ ಳಕಾರ ಕಂಡಕಂಡಲ್ಲಿ ಅಡಕವಾಗಿ ಅಚ್ಚಿಗೆ ಹೋಗುತ್ತಿತ್ತು. ಳಕಾರದಿಂದ ಮೊದಲಾಗುವ ಪದ ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ಆದರೆ ಪದಗಳ ಒಳಗೆ ಅದಿಲ್ಲದೆ ಬೇಸಾಯವೇ ಇಲ್ಲ. ಮಳೆ, ಬೆಳೆ, ಕಳೆ, ಗುಳ, ಕೊಳಗ, ಬಳ್ಳ.

ಕಡತವನ್ನು ಸೇರಿಸಿ ಕಳಿಸಿದೆ. ಪುಟವನ್ನು ಮತ್ತೆ ತೆರೆಸಿದೆ. ಹಳದಿ ಗುರುತು ಎರಡು ನಿಮಿಷ ತಿರುಗಿ ಹಸುರಾಯಿತು. ಅದನ್ನು ಕಂಡು ಸಂತೋಷವಾಗಬೇಕಿತ್ತು, ಆಗಲಿಲ್ಲ. ಒಳಗಿನಿಂದ ಅಜ್ಜಿ, “ಯಾಕಪ್ಪಾ, ಇನ್ನೂ ಎದ್ದಿದೀಯಾ?” ಎಂದು ಕೂಗಿದಳು. ನಾನು ಹುಡುಗನಿಗೆ ಫೋನ್ ಮಾಡಿದೆ.

“ಕೆಡಿಸಿದ್ದು ನಾನು ಕಣಯ್ಯಾ. ಪಟ್ಟಿ ಸೇರಿಸೋದು ಮರೆತಿದ್ದೆ,” ಎಂದೆ.

“ಗೊತ್ತು ಅಣ್ಣ. ಅವತ್ತು ಬೆಳಗ್ಗೆಯೇ ಫೋನಿನಲ್ಲಿ ನೋಡಿದ್ದೆ.”

“ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. “ಅಷ್ಟು ಜನ ಕೂತಿದ್ದರಲ್ಲ ಅಣ್ಣ,” ಎಂದ.

ನಾನು ಏನು ಹೇಳಿದೆನೋ ನೆನಪಿಲ್ಲ. ಅವನು ಮಾತ್ರ, ತನ್ನೂರಿನಲ್ಲಿ ಇನ್ನು ನಾಲ್ಕು ಪದ ಸಿಕ್ಕಿದೆಯೆಂದೂ, ಅವನ್ನು ಸೇರಿಸಬಹುದೇ ಎಂದೂ ಕೇಳಿದ.

ರಜೆ ಮುಗಿದ ಮೇಲೆ ಅಧ್ಯಾಪಕರಿಗೆ ಪ್ರತಿ ಒಪ್ಪಿಸುವಾಗ ನಿಜ ಹೇಳಿದೆ. ಅವರು ಹಾಳೆ ತಿರುವುತ್ತಲೇ, “ಅವನಿಗೆ ಹೇಳಿದೆಯಾ?” ಎಂದರು. ಹೇಳಿದೆ ಎಂದೆ. “ಅವತ್ತು ಕೋಣೆಯಲ್ಲಿದ್ದವರಿಗೆ?” ಎಂದರು. ಅದು ಆಗಿರಲಿಲ್ಲ. ಅದೇ ವಾರ ಮೂವರಿಗೆ ಹೇಳಿದೆ. ಹೇಳುವಾಗ ನನ್ನ ಮಾತು ಸ್ಪಷ್ಟವಾಗಿರಲಿಲ್ಲ, ಅವರೂ ಯಾವುದೋ ಹಳೆಯ ಸಂಗತಿ ಎಂಬಂತೆ ತಲೆಯಾಡಿಸಿದರು. ನಕ್ಕಿದ್ದ ಇಬ್ಬರಲ್ಲಿ ಒಬ್ಬರು ಬೇರೆ ಕಾಲೇಜಿಗೆ ವರ್ಗ ಮಾಡಿಸಿಕೊಂಡು ಹೋಗಿದ್ದಾರೆ. ಈ ಸಂಚಿಕೆ ಅವರ ಕೈಗೆ ಹೇಗಾದರೂ ಸಿಕ್ಕೀತೆಂದು ಎಣಿಸಿದ್ದೇನೆ. ರಗಳೆಯನ್ನು ಬಿಟ್ಟು ಇದನ್ನು ಬರೆದದ್ದಕ್ಕೆ ಅದೂ ಒಂದು ಕಾರಣ.

ನನ್ನ ಮಿತಭಾಷಿ ಸ್ಕ್ರಿಪ್ಟನ್ನು ಅಳಿಸಬೇಕೆಂದಿದ್ದೆ. ಹುಡುಗ ಬೇಡವೆಂದು ಅದಕ್ಕೆ ಇನ್ನೆರಡು ಸಾಲು ಸೇರಿಸಿದ. ಈಗ ಅದು ಗೆದ್ದರೆ ‘ಗೆದ್ದಿತು’ ಎನ್ನುತ್ತದೆ. ಸೋತರೆ ಬಾಯಿಬಿಡದೆ, ಪುಟವನ್ನು ತೆರೆದು ಮುಂದಿಡುತ್ತದೆ.

ಹೋದ ವಾರ ಪ್ರಯೋಗಶಾಲೆಯಲ್ಲಿ ಹಾಗೆ ತಾನಾಗಿ ಪುಟ ತೆರೆದುಕೊಂಡಿತು. ಕೆಂಪು ಗುರುತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಆಮೇಲೆ ಪುಟವನ್ನು ನೋಡಿದೆವು. ಪರೀಕ್ಷೆಯವರೆಗೆ ಅದು ಹೋಗಿಯೇ ಇರಲಿಲ್ಲ. ಬೇಕಾದ ಸಾಮಗ್ರಿಯನ್ನು ತರಹೋದ ಯಂತ್ರಕ್ಕೆ ನಡುವೆ ಸಂಪರ್ಕ ಕಡಿದುಹೋಗಿತ್ತು. “ಇಬ್ಬರದೂ ಅಲ್ಲ ಅಣ್ಣ,” ಎಂದ ಹುಡುಗ. ಮತ್ತೊಮ್ಮೆ ನಡೆಸು ಎಂದು ಆಜ್ಞೆ ಕೊಟ್ಟು, ಅದು ಮುಗಿಯುವಷ್ಟರಲ್ಲಿ ಬರೋಣವೆಂದು ಗೇಟಿನ ಹತ್ತಿರದ ಅಂಗಡಿಗೆ ಟೀ ಕುಡಿಯಲು ಹೋದೆವು.